ಪಾರ್ವತಮ್ಮನ ಹಸಿರು ಮಸಾಲೆ, ದಿಲೀಪನ ಕೆಂಡ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಜಯನಗರದ ಕೊನೆಯ ಸಾಲಿನ ಮನೆಯೊಂದರ ಹಿತ್ತಲಲ್ಲಿ ಪಾರ್ವತಮ್ಮ ಮಣೆ ಹಾಕಿಕೊಂಡು ಕೂತಿದ್ದಾರೆ. ಹಣೆಯಲ್ಲಿ ಆಗಷ್ಟೇ ಧರಿಸಿದ ವಿಭೂತಿ, ತಲೆಗೆ ಸುತ್ತಿದ ಒದ್ದೆ ಟವೆಲ್ಲು. ಮುಂದೆ ಒಂದು ಮಂಕರಿ ತುಂಬ ನಿಂಬೆ ಜಾತಿಯ ದಪ್ಪ ಹೇರಳೆಕಾಯಿ, ಪಕ್ಕದಲ್ಲಿ ದೊಡ್ಡಪತ್ರೆ, ಪುದೀನ, ಕೊತ್ತಂಬರಿ ಸೊಪ್ಪಿನ ರಾಶಿ. ಕಾಯನ್ನು ಅಡ್ಡಕ್ಕೆ ಕೊಯ್ದು, ಬೀಜ ಹಾರಿಸಿ, ಬಟ್ಟೆ ಕಟ್ಟಿದ ಪಾತ್ರೆಯ ಮೇಲೆ ಒಂದು ಸಲ ಹಿಂಡುತ್ತಾರೆ. ಒಂದೇ ಸಲ. ಹೋಳಿನಲ್ಲಿ ಇನ್ನೂ ರಸ ಇರುವುದು ನೋಡುವವರ ಕಣ್ಣಿಗೇ ಕಾಣುತ್ತದೆ, ಇಸಿದುಕೊಂಡು ಹಿಂಡೋಣ ಅನ್ನಿಸುತ್ತದೆ. ಅವರು ಮಾತ್ರ ಅದನ್ನು ಬುಟ್ಟಿಗೆ ಹಾಕಿ ಇನ್ನೊಂದಕ್ಕೆ ಕೈ ಹಾಕುತ್ತಾರೆ.

"ಆಸೆ ಬಿದ್ದು ಇನ್ನೊಂದ್ಸಲ ಹಿಂಡಿದ್ರೆ ಸಿಪ್ಪೆ ಕಹಿ ಇಳಿದ್ಬುಡುತ್ತೆ ಕಣ್ರೀ. ಆಮೇಲೆ ನೀವು ಏನ್ ಹಾಕಿದ್ರೂ ಅದು ಹೋಗಲ್ಲ. ಹೋಳೇನೂ ದಂಡ ಆಗಲ್ಲ ಬುಡಿ, ಉಪ್ಪಿನಕಾಯಿ ಹಾಕ್ತೀನಿ," ಎನ್ನುತ್ತಾರೆ ಪಾರ್ವತಮ್ಮ, ಕೈ ನಿಲ್ಲಿಸದೆ.

ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಗ್ರೈಂಡರಿಗೆ ಬೀಳುತ್ತವೆ. ಕಲ್ಲು ಬಿಸಿಯಾದರೆ ಪುದೀನ ಕಪ್ಪಾಗುತ್ತದೆಂದು ನಡುನಡುವೆ ಮಡಕೆಯ ತಣ್ಣೀರು ಚಿಮುಕಿಸುತ್ತಾರೆ. ಹುಳಿ ಮಾತ್ರ ಈಗಲೇ ಬೆರೆಸುವುದಿಲ್ಲ. ಬೀದಿಯ ತಿರುವಿನಲ್ಲಿ, ಇದನ್ನು ಒಯ್ಯಲು ಬರುವ ದಿಲೀಪನ ಮೊಪೆಡ್ಡಿನ ಸದ್ದು ಕೇಳಿದ ಮೇಲೆಯೇ ಹೇರಳೆ ರಸ, ಜೊತೆಗೆ ಒಂದಿಷ್ಟು ನಿಂಬೆ ರಸ. ಮೊದಲೇ ಸುರಿದರೆ ಹಸಿರು ಬಣ್ಣ ಹೋಗಿ ಮಂಕಾಗುತ್ತದಂತೆ. ಕೊನೆಗೆ ಕಡಲೆಕಾಯಿ ಎಣ್ಣೆ ಹಾಕಿ ಕೈಯಲ್ಲೇ ಕಲಸಿ ಸ್ಟೀಲ್ ಕ್ಯಾನುಗಳಿಗೆ ತುಂಬಿದರೆ ಬೆಳಗಿನ ಕೆಲಸ ಮುಗಿಯಿತು.

ಇದೇ ಹಸಿರು ಮಸಾಲೆ ಮಧ್ಯಾಹ್ನ ಪಾರ್ಕಿನ ಪಕ್ಕದ ದಿಲೀಪನ ಅಂಗಡಿಯಲ್ಲಿ ಕೋಳಿ ತುಂಡು, ಕುರಿ ತುಂಡುಗಳ ಮೈಗೆ ಹತ್ತುತ್ತದೆ. ಸಂಜೆ ಕಂಬಿಗೆ ಪೋಣಿಸಿ ಕೆಂಡದ ಮೇಲಿಟ್ಟರೆ ಆ ಘಮಕ್ಕೆ ವಾಕಿಂಗ್ ಹೊರಟವರ ಕಾಲೇ ಮುಂದೆ ಹೋಗುವುದಿಲ್ಲ. "ಏನ್ ಹಾಕ್ತೀಯೋ ಮಾರಾಯ ಇದಕ್ಕೆ?" ಎಂದು ಬೆರಳು ಚೀಪುತ್ತಾ ಕೇಳುವವರಿಗೆ ದಿಲೀಪ, "ನಾನೇನ್ ಹಾಕ್ತೀನಿ ಸಾರ್, ಎಲ್ಲಾ ನಮ್ಮಕ್ಕ ಹಾಕಿ ಕಳಿಸ್ತಾರೆ," ಎನ್ನುತ್ತಾನೆ. ಯಾವ ಅಕ್ಕ, ಎಲ್ಲಿಯ ಅಕ್ಕ ಎಂದು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ತುಂಡು ಆರಿಹೋಗುತ್ತಲ್ಲ!

ಕೇಳಿದ್ದರೆ ಬೆರಗಾಗುತ್ತಿದ್ದರು. ಈ ಅಕ್ಕ ಹುಟ್ಟಿದಾಗಿನಿಂದ ಒಂದು ಚೂರು ಬಾಡು ಬಾಯಿಗಿಟ್ಟವರಲ್ಲ. ಕೊರಳಲ್ಲಿ ಇಷ್ಟಲಿಂಗ, ಬೆಳಗ್ಗೆ ಎದ್ದು ಲಿಂಗಪೂಜೆ ಆಗದೆ ಒಂದು ಲೋಟ ನೀರೂ ಕುಡಿಯದ ಲಿಂಗಾಯತರ ಮನೆಯ ಸೊಸೆ. ದಿಲೀಪನ ಅಂಗಡಿಯ ಮೆಟ್ಟಿಲನ್ನು ಇವತ್ತಿಗೂ ಹತ್ತಿಲ್ಲ. ಹಾಗಾದರೆ ಹದ ಗೊತ್ತಾಗುವುದು ಹೇಗೆ? ಸ್ನಾನದ ಹಂಡೆಯ ಒಲೆಯಲ್ಲಿ ಕೆಂಡ ಇದ್ದೇ ಇರುತ್ತದೆ. ಬಾಳೆಕಾಯಿ ಬಿಲ್ಲೆಗೆ ಮಸಾಲೆ ಸವರಿ ಅದರ ಮೇಲೆ ಸುಟ್ಟು ತಿಂದು ನೋಡುತ್ತಾರೆ. "ಬಾಳೆಕಾಯಿಗೆ ಹೊಂದಿದ್ದು ಕೋಳಿಗೂ ಹೊಂದುತ್ತೆ ಅಂತ ಒಂದು ಧೈರ್ಯ. ಇಲ್ಲೀವರ್ಗೂ ಯಾರೂ ಬಯ್ದಿಲ್ಲ," ಎಂದು ನಗುತ್ತಾರೆ.

ಈ ನಂಟು ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಮಂಡಕಳ್ಳಿ ಕಡೆಯ ಹುಡುಗ ದಿಲೀಪ ಆಗ ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ತಳ್ಳುಗಾಡಿಯಲ್ಲಿ ಕೋಳಿ ಸುಡುತ್ತಿದ್ದ, ಮಾಮೂಲಿ ಕೆಂಪು ಮಸಾಲೆ, ಅಂಥ ವ್ಯಾಪಾರವೇನೂ ಇರಲಿಲ್ಲ. ಒಂದು ದಿನ ಪಾರ್ವತಮ್ಮ ಅಕ್ಕಿರೊಟ್ಟಿ ಜೊತೆಗೆ ಹೇರಳೆಕಾಯಿ ಹಿಂಡಿದ ಹಸಿರು ಚಟ್ನಿ ಕೊಟ್ಟು ಕಳಿಸಿದರು. ಅವನೋ, ಅರ್ಧ ತಿಂದು ಮಿಕ್ಕರ್ಧವನ್ನು ಕೋಳಿಗೆ ಸವರಿದ! ಮಾರನೇ ಬೆಳಗ್ಗೆ ಬಾಗಿಲಲ್ಲಿ ಹಾಜರು. "ಪಾರ್ವತಕ್ಕಾ, ನೀವು ಬಾಡು ಮುಟ್ಟೋದೂ ಬ್ಯಾಡ, ನೋಡೋದೂ ಬ್ಯಾಡ. ಆ ಹಸಿರೊಂದ ಅರೆದುಕೊಟ್ಬುಡಿ," ಎಂದ. ಪಾರ್ವತಮ್ಮನ ಯಜಮಾನರು ಅಮರೇಶ್ ಕೆಲಸ ಮಾಡುತ್ತಿದ್ದ ಊದುಬತ್ತಿ ಕಾರ್ಖಾನೆ ಮುಚ್ಚಿ ಆಗಷ್ಟೇ ಮನೆಯಲ್ಲಿ ಕೂತಿದ್ದರು. ಮಗಳು ಲಾಸ್ಯ ಇನ್ನೂ ಪ್ರೈಮರಿ ಸ್ಕೂಲು. ಪಾರ್ವತಮ್ಮ ಹೂಂ ಅಂದರು.

ಅಂದದ್ದೇ ತಡ, ಮಾವ ವೃಷಭೇಂದ್ರಪ್ಪನವರು ಎದ್ದು ಒಳಗೆ ಹೋದರು. ಮಠದ ಮುಂದೆ ವಿಭೂತಿ, ರುದ್ರಾಕ್ಷಿ ಮಾರಿಕೊಂಡು ಬಾಳಿದ ಹಿರಿಯರು ಅವರು, ಜೋರಾಗಿ ಬಯ್ಯುವ ಪೈಕಿಯಲ್ಲ. "ಅರೆಯೋದು ಸೊಪ್ಪೇ ಇರಬೋದು, ಹೋಗೋದು ಎಲ್ಲಿಗೆ?" ಎಂದಷ್ಟೇ ಕೇಳಿದರಂತೆ. ಅವತ್ತಿನಿಂದ ಸೊಸೆಯ ಕೈ ಅಡುಗೆ ಬಿಟ್ಟರು. ಒರಳು ಹಿತ್ತಲಿಗೆ ಹೋಯಿತು. ಭುಜ ನೋವು ಬಂದು ಗ್ರೈಂಡರ್ ತಂದಾಗ ಅದೂ ಹಿತ್ತಲ ಶೀಟಿನ ಕೆಳಗೇ ಕೂತಿತು. ಆ ಹಿತ್ತಲಿಗೆ ಮಾವ ಕಾಲಿಡಲಿಲ್ಲ. ಮೊದಮೊದಲು ಅಮರೇಶ್ ಅಪ್ಪನಿಗೆ ಅನ್ನ ಬೇಯಿಸಿ ಹಾಕಿದರು. ಅಡುಗೆ ಮಾಡುವಷ್ಟು ದೊಡ್ಡವಳಾದ ಮೇಲೆ ಲಾಸ್ಯ ತಾತನ ಅಡುಗೆ ವಹಿಸಿಕೊಂಡಳು. ಸೊಸೆಯ ಜೊತೆ ಮಾತೂ ಮೊಮ್ಮಗಳ ಮೂಲಕವೇ: "ನಿಮ್ಮಮ್ಮಂಗೆ ಹೇಳು, ಹಾಲಿನವ್ನು ಬಂದಿದಾನೆ."

ಹನ್ನೊಂದು ವರ್ಷ ಒಂದೇ ಸೂರಿನ ಕೆಳಗೆ ಹೀಗೆ! ಬೇರೆಯವರಾಗಿದ್ದರೆ ಒಲೆಯನ್ನೇ ಬೇರೆ ಮಾಡುತ್ತಿದ್ದರು. ಪಾರ್ವತಮ್ಮ ಎದುರು ಮಾತಾಡಿದವರಲ್ಲ, ಕೆಲಸ ಬಿಟ್ಟವರೂ ಅಲ್ಲ. "ಅವ್ರು ಕಂಡುಕೊಂಡಿದ್ದು ಅವ್ರಿಗೆ. ತಪ್ಪು ಅನ್ನೋಕೆ ನಾನ್ಯಾರು? ನನ್ ಕೊರಳಲ್ಲಿರೋ ಲಿಂಗ ಒಂದಿನಾನೂ ಬೇಡ ಅಂದಿಲ್ಲ, ನಾನೂ ಬಿಡಲಿಲ್ಲ. ಆದ್ರೆ ನೋವಾಗ್ತಿತ್ತು ಕಣ್ರೀ, ಸುಳ್ಳು ಯಾಕೆ ಹೇಳ್ಲಿ? ಊರಿಗೆಲ್ಲಾ ನನ್ ಕೈ ರುಚಿ, ಮನೇ ಹಿರೀಕರಿಗೆ ಇಲ್ಲ," ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಮೆಣಸಿನಕಾಯಿ ಕೈಯಲ್ಲಿ ಒರೆಸಿಕೊಳ್ಳುವ ಹಾಗೂ ಇಲ್ಲ.

ದಿನಕ್ಕೆ ಎರಡು ಕ್ಯಾನು, ಭಾನುವಾರ ನಾಲ್ಕು. ಬೀಗರೂಟದ ಆರ್ಡರು ಬಂದರೆ ಅದರ ಲೆಕ್ಕ ಬೇರೆ. ಸೋಮವಾರ ದಿಲೀಪನ ಅಂಗಡಿಗೆ ರಜ, ಪಾರ್ವತಮ್ಮನ ಭುಜಕ್ಕೂ ರಜ. ದಿನಾ ಅರೆದದ್ದರಲ್ಲಿ ಒಂದು ಬಟ್ಟಲು ತೆಗೆದು ಮುಚ್ಚಿ ಹಿತ್ತಲ ಕಟ್ಟೆಯ ಮೇಲಿಡುವುದು ಅವರ ಪದ್ಧತಿ. ಹೇರಳೆ ರಸ ಹೊತ್ತು ಕಳೆದ ಮೇಲೆ ಕಹಿಗೆ ತಿರುಗುವುದುಂಟು. ಬೆಳಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ಕೈಕೊಟ್ಟರೆ ತಮಗೆ ಮೊದಲು ಗೊತ್ತಾಗಬೇಕು, ದಿಲೀಪನಿಗೆ ಹೇಳಿ ಕಳಿಸಬೇಕು. ಆ ಬಟ್ಟಲೇ ಮುಂದಿನ ಕತೆಗೆ ಕಾರಣ.

ಈ ವರ್ಷ ಲಾಸ್ಯಳಿಗೆ ನಂಜನಗೂಡಿನ ಶಿವಕಿರಣ್ ಜೊತೆ ಮದುವೆ ಗೊತ್ತಾಯಿತು. ಮನೆಯವರೆಲ್ಲ ಖುಷಿಯಾಗಿದ್ದರೆ ಪಾರ್ವತಮ್ಮನಿಗೆ ಒಂದೇ ಕೊರೆತ. ಮಗಳು ಹೊರಟ ಮೇಲೆ ಮಾವನಿಗೆ ಬೇಯಿಸಿ ಹಾಕುವವರು ಯಾರು? ಅಮರೇಶ್ ಈಗ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ, ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. "ಮಠದ ದಾಸೋಹದಲ್ಲಿ ಇದ್ದುಬಿಡ್ತೀನಿ," ಎಂದು ವೃಷಭೇಂದ್ರಪ್ಪನವರು ಮೊಮ್ಮಗಳ ಹತ್ತಿರ ಹೇಳಿದ್ದು ಅಡುಗೆಮನೆಯಲ್ಲಿದ್ದ ಸೊಸೆಯ ಕಿವಿಗೂ ಬಿತ್ತು. ತನ್ನ ಮಸಾಲೆಯಿಂದಾಗಿ ಎಂಬತ್ತು ಸಮೀಪಿಸಿದ ಮಾವ ಮನೆ ಬಿಟ್ಟು ಹೋಗುತ್ತಾರಲ್ಲ ಎಂದು ಆಕೆಗೆ ಊಟವೇ ಸೇರಲಿಲ್ಲ. ಮದುವೆ ಮುಗಿದ ಮೇಲೆ ಅರೆಯುವುದಿಲ್ಲ ಎಂದು ದಿಲೀಪನಿಗೆ ಹೇಳಿಬಿಡುವುದೆಂದೂ ತೀರ್ಮಾನಿಸಿದರು.

ಅಷ್ಟರಲ್ಲಿ ಚಪ್ಪರ ಹಾಕುವ ದಿನ ಬಂತು. ಹಿತ್ತಲಲ್ಲಿ ಗುಳಿ ತೋಡಿ ಕಂಬ ನೆಡುತ್ತಿದ್ದರು, ಧೂಳೋ ಧೂಳು. ಕಟ್ಟೆಯ ಮೇಲಿದ್ದ ಬಟ್ಟಲಿಗೆ ಮಣ್ಣು ಬೀಳುತ್ತದೆಂದು ಅಮರೇಶ್ ಅದನ್ನು ಎತ್ತಿ ಅಡುಗೆಮನೆಯ ಒಳಗಿಟ್ಟರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ತಾಯಿ ಮಗಳು ಇಬ್ಬರೂ ಬಳೆ ತೊಡಿಸಿಕೊಳ್ಳಲು ಹೋಗಿದ್ದರು. ಲಾಸ್ಯ ತಟ್ಟಿಟ್ಟಿದ್ದ ರೊಟ್ಟಿಯ ಪಕ್ಕದಲ್ಲೇ ಬಟ್ಟಲು ಕಂಡಾಗ ವೃಷಭೇಂದ್ರಪ್ಪನವರು ಅದೂ ಮೊಮ್ಮಗಳದ್ದೇ ಎಂದುಕೊಂಡು ಬಡಿಸಿಕೊಂಡರು. ಬಟ್ಟಲು ತಳ ಕಂಡಿತು.

ಅಮ್ಮ ಮಗಳು ಬಂದಾಗ ತಾತ ಜಗಲಿಯ ಮೇಲೆ ಕೂತಿದ್ದರು, ಮುಖ ಹಗುರಾಗಿತ್ತು. "ಲಾಸ್ಯ, ಯಾವಾಗ ಕಲಿತೆ ಈ ಚಟ್ನೀನ? ನಿಮ್ಮಜ್ಜಿ ಮುದ್ದಮ್ಮ ಮಾಡ್ತಿದ್ದ ಹಾಗೇ ಇದೆ. ಈ ರುಚಿ ಕಂಡು ಎಷ್ಟು ವರ್ಷ ಆಗಿತ್ತು," ಎಂದರು. ಲಾಸ್ಯ ಪೆಚ್ಚಾದಳು. "ನಾನ್ ಚಟ್ನಿ ಮಾಡೇ ಇಲ್ವಲ್ಲ ತಾತ!" ಅಂದಳು. ಪಾರ್ವತಮ್ಮ ಒಳಗೆ ಹೋಗಿ ನೋಡುತ್ತಾರೆ, ಖಾಲಿ ಬಟ್ಟಲು.

ಮುಚ್ಚಿಡಬಹುದಿತ್ತು. ಪಕ್ಕದ ಮನೆಯವರು ಕೊಟ್ಟಿದ್ದೆಂದರೆ ಮುಗಿಯುತ್ತಿತ್ತು. ಆದರೆ ಪಾರ್ವತಮ್ಮ ಸೆರಗು ಸರಿಮಾಡಿಕೊಂಡು ಜಗಲಿಗೆ ಬಂದು ನಿಂತರು. "ಮಾವ, ಅದು ನಾನ್ ಅರೆದಿದ್ದು. ದಿಲೀಪಂಗೆ ಕಳ್ಸೋದ್ರಲ್ಲಿ ತೆಗೆದಿಟ್ಟಿದ್ದು. ಅತ್ತೇನೇ ನಂಗೆ ಹೇಳ್ಕೊಟ್ಟಿದ್ದು, ಒಂದ್ಸಲಕ್ಕಿಂತ ಹೆಚ್ಗೆ ಹಿಂಡಬೇಡ ಅಂತ," ಎಂದರು. ವೃಷಭೇಂದ್ರಪ್ಪನವರು ಎದ್ದು ಕೈಕಾಲು ತೊಳೆದು ಪೂಜೆಗೆ ಕೂತವರು ಬಹಳ ಹೊತ್ತು ಏಳಲೇ ಇಲ್ಲ.

ಮಾರನೇ ಬೆಳಗ್ಗೆ ಪಾರ್ವತಮ್ಮ ಎಂದಿನಂತೆ ಹೇರಳೆಕಾಯಿ ಕೊಯ್ಯುತ್ತಾ ಕೂತಿದ್ದಾಗ ಹಿಂದೆ ಕೋಲಿನ ಸದ್ದು. ತಿರುಗಿದರೆ ಮಾವ, ಹಿತ್ತಲ ಬಾಗಿಲು ದಾಟಿ ಈಚೆಗೆ ಬಂದಿದ್ದಾರೆ! ಕೈಯಲ್ಲಿ ಅದೇ ಬಟ್ಟಲು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಹಿಂಡಿ ಬುಟ್ಟಿಗೆ ಹಾಕಿದ ಹೋಳುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೊಸೆಯನ್ನು ಹೆಸರು ಹಿಡಿದು ಕರೆದರು.

"ಪಾರ್ವತಿ, ಲಾಸ್ಯ ಮಲಗಿರ್ಲಿ, ಎಬ್ಬಿಸ್ಬೇಡ. ರೊಟ್ಟಿ ನೀನೇ ತಟ್ಟು ಮಗಾ. ಮೊದ್ಲು ಈ ಬಟ್ಲಿಗೆ ಹಾಕು, ಮಿಕ್ಕಿದ್ದು ಆ ಹುಡುಗನ ಕೋಳಿಗೆ."

"ನಂಗೆ ಅಳು ಬಂದ್ಬುಡ್ತು. ರೊಟ್ಟಿ ಸೀದೋಯ್ತು. ಸೀದಿದ್ದನ್ನೇ ತಿಂದ್ರು ಪಾಪ," ಎಂದು ಪಾರ್ವತಮ್ಮ ಈಗ ನಗುತ್ತಾರೆ.

ಮದುವೆ ಆಗಿ ತಿಂಗಳಾಯಿತು. ಲಾಸ್ಯ ನಂಜನಗೂಡಿನಲ್ಲಿದ್ದಾಳೆ. ದಾಸೋಹದ ಮಾತು ಮತ್ತೆ ಬಂದಿಲ್ಲ. ಇವತ್ತೂ ಹಿತ್ತಲಲ್ಲಿ ಬೆಳಕಾಗುತ್ತಿದೆ. ಒಗೆಯುವ ಕಲ್ಲಿನ ಮೇಲೆ ಕೂತ ವೃಷಭೇಂದ್ರಪ್ಪನವರ ಮುಂದೆ ತಟ್ಟೆ, ತಟ್ಟೆಯಲ್ಲಿ ಬಿಸಿ ರೊಟ್ಟಿ, ಪಕ್ಕದಲ್ಲಿ ತುಂಬಿದ ಬಟ್ಟಲು. ಕ್ಯಾನುಗಳು ಇನ್ನೂ ಖಾಲಿ. ಗೇಟಿನ ಆಚೆ ಮೊಪೆಡ್ಡು ನಿಲ್ಲಿಸಿದ ದಿಲೀಪ ಒಂದು ಸಲ ಹಾರ್ನ್ ಹೊಡೆಯುತ್ತಾನೆ, ಇನ್ನೊಂದು ಸಲ ಹೊಡೆಯುತ್ತಾನೆ.

ಪಾರ್ವತಮ್ಮ ಕಾವಲಿಯ ಮೇಲಿನ ರೊಟ್ಟಿ ಮಗುಚುತ್ತಾ ಕೂತಲ್ಲಿಂದಲೇ, ಬೀದಿಗೆಲ್ಲ ಕೇಳುವ ಹಾಗೆ, ಕೂಗಿ ಹೇಳುತ್ತಾರೆ: "ಇರಪ್ಪ ಸ್ವಲ್ಪ ಹೊತ್ತು. ಮಾವನೋರು ತಿಂಡಿ ತಿಂತಾ ಇದಾರೆ."