ಮೊದಲು ತೋರಿಸಲಿ

ಚನ್ನಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಆಕೆ, ಎಂಟರ್ ಒತ್ತುವ ಮುನ್ನ ಎರಡೂ ಕೈಗಳನ್ನು ಮಡಿಲಿಗೆ ತಂದುಕೊಳ್ಳುತ್ತಿದ್ದರು. ನಾನು ಸಂಪಾದಿಸುತ್ತಿದ್ದ ಶಾಸನಗಳ ಪುಸ್ತಕದ ಕಡತಗಳಲ್ಲೆಲ್ಲ ತಪ್ಪಾಗಿ ಸೇರಿದ್ದ ಒಂದು ಇಸವಿಯನ್ನು ಒಟ್ಟಿಗೇ ತಿದ್ದಲು ಅವರು ಹಲವು ಆದೇಶಗಳನ್ನು ಒಂದೇ ಬಾರಿಗೆ ನಡೆಸುವ ಬ್ಯಾಚ್ ಫೈಲ್ ಬರೆದಿದ್ದರು; ಅದರೊಳಗೆ ಹುಡುಕಲು ಗ್ರೆಪ್, ತಿದ್ದಲು ಸೆಡ್ ಎಂಬ ಯುನಿಕ್ಸ್ ಉಪಕರಣಗಳು. ಮರುದಿನವೇ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು.

“ತಿದ್ದಿಬಿಡಿ,” ಎಂದೆ.

“ತಡೀರಿ ಸಾರ್, ಮೊದ್ಲು ಗ್ರೆಪ್ ತೋರ್ಸಲಿ. ತಿದ್ದಾಕೆ ಏನವಸರ ಐತೆ?” ಇದು ಅವರ ನಿತ್ಯದ ಮಾತು.

ಪರದೆಯಲ್ಲಿ ಮೂಡಿದ, ಆ ಇಸವಿಯಿದ್ದ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದೆ. ಹೊನ್ನಾಳಿಯ ಒಂದು ಶಾಸನದ ಬಳಿ ನನ್ನ ಬೆರಳು ನಿಂತಿತು. ಅಲ್ಲಿ ಆ ಇಸವಿಯೇ ಸರಿಯಾಗಿತ್ತು.

ಅದೊಂದು ಕಡತವನ್ನು ಹೊರಗಿಟ್ಟು, “ಈಗ ನೀವೇ ಒತ್ರಿ,” ಎಂದು ಅವರು ಕೀಲಿಮಣೆಯನ್ನು ನನ್ನತ್ತ ಸರಿಸಿದರು. ಎದೆ ಹಗುರಾಗಿತ್ತು. ಆದರೂ ಒತ್ತುವ ಮುನ್ನ ನನ್ನ ಕೈಗಳು ತಾವಾಗಿಯೇ ಮಡಿಲಿಗೆ ಬಂದವು.