ಹೊಟ್ಟೆಯ ಪೈಪು ಕಾಯುವ ನಾಹಿದ್

ಕಳೆದ ಚಳಿಗಾಲದ ಒಂದು ಮುಂಜಾನೆ. ದೇವದುರ್ಗದ ಒಂದು ಮನೆಯ ಅಂಗಳಕ್ಕೆ ಬಿಸಿಲು ಇನ್ನೂ ಇಳಿದಿಲ್ಲ. ರಾಯಚೂರಿನಿಂದ ಮೊದಲ ಬಸ್ಸಿಗೆ ಬಂದ ನರ್ಸ್ ನಾಹಿದ್ ಕೈತೊಳೆದು ಚಾಪೆಯ ಮೇಲೆ ಮಂಡಿಯೂರುತ್ತಾರೆ. ಗಡ್ಡೆಯ ಆಪರೇಷನ್ ಆಗಿ ಮನೆಗೆ ಮರಳಿರುವ ಪಾರ್ವತೆಮ್ಮನ ಪಕ್ಕೆಯಿಂದ ಬಂದ ಪೈಪಿನ ತುದಿಗೆ ಪ್ಲಾಸ್ಟಿಕ್ ಚೀಲ. ಚೀಲ ಖಾಲಿ.

"ಮೊನ್ನಿಯಿಂದ ಹರಿಯೋದು ನಿಂತದ್ರಿ ಸಿಸ್ಟರ್. ಆರಾಮ ಆತು ನೋಡ್ರಿ," ಗಂಡ ಹಂಪಯ್ಯ ಹಿಗ್ಗಿನಿಂದ ಹೇಳುತ್ತಾರೆ.

ನಾಹಿದ್ ಹಿಗ್ಗುವುದಿಲ್ಲ. ಪಾರ್ವತೆಮ್ಮನ ಹಣೆ ಸುಡುತ್ತಿದೆ.

ಆಪರೇಷನ್ ಆಗಿ ಮನೆಗೆ ಹೋದವರನ್ನು ಊರೂರಿಗೆ ಹೋಗಿ ನೋಡಿಬರುವುದು ನಾಹಿದ್ ಅವರ ಕೆಲಸ. ದಿನಕ್ಕೆ ನಾಲ್ಕೈದು ಮನೆ. ಬಸ್ಸು, ಆಟೊ, ಉಳಿದದ್ದು ಕಾಲ್ನಡಿಗೆ. ಮೇದೋಜೀರಕ ಗ್ರಂಥಿಯ ಗಡ್ಡೆ ತೆಗೆದ ಮೇಲೆ ಹೊಲಿಗೆಯಲ್ಲಿ ರಸ ಜಿನುಗುವುದುಂಟು. ಉಂಡ ಅನ್ನ ಕರಗಿಸುವ ರಸ ಅದು. ಹೊಟ್ಟೆಯಲ್ಲೇ ನಿಂತರೆ ಒಳಗಿನ ಮಾಂಸವನ್ನೇ ತಿನ್ನುತ್ತದೆ, ಕೀವು ಕಟ್ಟುತ್ತದೆ, ಜೀವಕ್ಕೇ ಕುತ್ತು. ಅದು ಹೊರಗೆ ಹರಿಯಲೆಂದೇ ಈ ಪೈಪು. ಗಾಯ ಮಾಯುವ ತನಕ ಕೆಲವರು ಅದರೊಂದಿಗೇ ಮನೆಯಲ್ಲಿರುತ್ತಾರೆ.

ಮಾನ್ವಿಯ ಸಂತೆಯಲ್ಲಿ ಬಾಳೆಹಣ್ಣು ಮಾರುವ ಅಬ್ದುಲ್ ವಹೀದರ ಮಗಳು ನಾಹಿದ್. ಹೆಣ್ಣುಮಗಳು ಹೀಗೆ ತಿರುಗುವುದು ಬಂಧುಗಳಿಗೆ ಹಿಡಿಸಲಿಲ್ಲ. ಬಂದ ಸಂಬಂಧಗಳೂ ಮುರಿದವು. "ಅಮ್ಮಿ ಒಬ್ಬಾಕಿ ನನ್ನ ಕಡಿ ನಿಂತಳ್ರಿ. ಮಂದಿ ಬಾಯಿಗೆ ಹೆದರಬ್ಯಾಡ, ಹೋಗು ಅಂದ್ಲು," ತಾಯಿಯನ್ನು ನೆನೆಯುತ್ತಾರೆ ನಾಹಿದ್.

ಅಂದು ಪಾರ್ವತೆಮ್ಮನ ಸೆರಗು ಸರಿಸಿದರೆ, ಪೈಪನ್ನು ಮಡಚಿ ದಾರದಿಂದ ಬಿಗಿದು ಕಟ್ಟಲಾಗಿದೆ.

"ಯವ್ವಾ, ಯಾರು ಕಟ್ಟಿದ್ರಿ ಇದನ್ನ?"

ಪಾರ್ವತೆಮ್ಮ ಮುಖ ತಿರುಗಿಸುತ್ತಾರೆ. "ನಾನೇ. ತಂಗಿ ಮಗಳ ಲಗ್ನ ಇತ್ತವ್ವಾ. ನಾಕು ಮಂದ್ಯಾಗ ವಾಸನಿ ಬಂದ್ರ ಹೆಂಗ? ನಾನು ಸಾಲ್ಯಾಗ ಅಡಗಿ ಮಾಡಾಕಿ. ನಾಳಿ ನನ್ನ ಕೈಯಾಂದು ಯಾರು ಉಣ್ತಾರ?"

ನಾಹಿದ್ ಬೈಯುವುದಿಲ್ಲ. ದಾರ ಕತ್ತರಿಸುತ್ತಾರೆ. ಬೂದುಬಣ್ಣದ ಕದಡಿದ ನೀರು ಚೀಲಕ್ಕೆ ನುಗ್ಗುತ್ತದೆ. ಫೋನಿನಲ್ಲಿ ಡಾಕ್ಟರು ಕೂಡಲೇ ಕರೆತರಲು ಹೇಳುತ್ತಾರೆ.

"ನೀರು ಹೊಂಟತಲ್ರಿ. ಸಂಜಿಮಟ ನೋಡೂಣೇನು?" ಹಂಪಯ್ಯ ಹಿಂಜರಿಯುತ್ತಾರೆ.

"ಸಂಜಿಮಟ ನಾ ಕಾಯಂಗಿಲ್ರಿ ಯಪ್ಪಾ. ನೀವು ಬರ್ರಿ, ಬಿಡ್ರಿ. ಯವ್ವನ್ನ ನಾ ಈಗ್ಲೇ ಕರಕೊಂಡು ಹೊಂಟೀನಿ."

ರಾಯಚೂರು ಮುಟ್ಟುವವರೆಗೂ ನಾಹಿದ್ ಪಾರ್ವತೆಮ್ಮನ ಕೈ ಬಿಡಲಿಲ್ಲ. ಸ್ಕ್ಯಾನಿನಲ್ಲಿ ಕೀವು ಕಟ್ಟತೊಡಗಿದ್ದು ಕಂಡಿತು. ಇನ್ನೊಂದು ಸಣ್ಣ ಪೈಪು ಹಾಕಿ, ಔಷಧಿ ಕೊಟ್ಟು ಡಾಕ್ಟರು ಅದನ್ನು ಇಳಿಸಿದರು. ಮತ್ತೆ ಹೊಟ್ಟೆ ಕೊಯ್ಯುವುದು ತಪ್ಪಿತು. ಸೋರಿಕೆ ನಿಂತ ಮೇಲೆ ಎರಡೂ ಪೈಪು ಹೊರಬಂದವು.

ನಾಚಿಕೆಗೆ ಮದ್ದು ಬೇಡವೇ? ಈಗ ನಾಹಿದರ ತಾಯಿ ಶಹಜಾದಿ ಬೇಗಂ ಮೆತ್ತನೆಯ ಹಳೆ ಸೀರೆಗಳಿಂದ ಸೊಂಟದ ಸಂಚಿ ಹೊಲಿದುಕೊಡುತ್ತಾರೆ. ಚೀಲ ಅದರೊಳಗೆ ಕುಳಿತರೆ ಯಾರ ಕಣ್ಣಿಗೂ ಬೀಳದು, ಪೈಪೂ ಮಡಚಿಕೊಳ್ಳದು.

ನಿಮ್ಮ ಆಸೆ ಏನು ಎಂದು ಕೇಳಿದರೆ ನಾಹಿದ್ ನಗುತ್ತಾರೆ. "ನಾ ಹೋದಾಗ ಮನಿಗೆ ಕೀಲಿ ಹಾಕಿರಬೇಕ್ರಿ. ಬಾಜೂ ಮನ್ಯಾರು 'ಆಕಿ ಕೆಲಸಕ್ಕ ಹೋಗ್ಯಾಳ' ಅನ್ನಬೇಕು. ಹೋದ ವಾರ ದೇವದುರ್ಗದಾಗ ಪಾರ್ವತೆಮ್ಮನ ಮನ್ಯಾಗ ಹಂಗ ಆತು. ಬಿಸಿಲಾಗ ಸುಮ್ನ ಹೋಗಿ ಬಂದೆ. ಭಾಳ ಖುಷಿ ಆತ್ರಿ."