ದರ್ಜಿ ರಾಫೆಲರ ಎರಡು ಟ್ರಯಲ್

ಬಲ್ಮಠದ ಇಳಿಜಾರಿನಲ್ಲಿ ರಾಫೆಲರ ಟೈಲರ್ ಅಂಗಡಿ ಇತ್ತು. ಕೋಟು ಹೊಲಿಯುವುದರಲ್ಲಿ ಅವರಿಗೆ ಸಮನಾದವರು ಮಂಗಳೂರಿನಲ್ಲಿ ಇಬ್ಬರೋ ಮೂವರೋ ಇದ್ದಿರಬಹುದು. ತಡ ಮಾಡುವುದರಲ್ಲಿ ಯಾರೂ ಇರಲಿಲ್ಲ. ಒಮ್ಮೆ ಒಬ್ಬ ಮದುಮಗ ಕೋಟಿನ ಬೆನ್ನಿನಲ್ಲಿ ಇನ್ನೂ ತೆಗೆಯದ ಗುಂಡುಸೂಜಿಯ ಸಮೇತ ಇಗರ್ಜಿಯ, ಅಂದರೆ ಚರ್ಚಿನ, ಮೆಟ್ಟಿಲು ಹತ್ತಬೇಕಾಯಿತು. ಆತ ಪೂಜೆ ಮುಗಿಯುವವರೆಗೂ ಬೆನ್ನು ನೆಟ್ಟಗೆ ಇಟ್ಟು ಕೂತಿದ್ದ. ಹುಡುಗನಿಗೆ ಎಷ್ಟು ಭಕ್ತಿ ಎಂದು ಹೆಣ್ಣಿನ ಕಡೆಯವರು ಮೆಚ್ಚಿಕೊಂಡರು.

ಈ ತಡಕ್ಕೆ ಕಾರಣ ಸೋಮಾರಿತನವಲ್ಲ. ರಾಫೆಲರ ಕೈ ಚುರುಕು. ಆದರೆ ದಾರಿಯಲ್ಲಿ ಯಾರು ಸಿಕ್ಕಿದರೂ ಅವರು ನಿಲ್ಲುತ್ತಿದ್ದರು, ಸಿಕ್ಕಿದವರ ಕಾಲರನ್ನು ಎಳೆದು ಸರಿಪಡಿಸುತ್ತಿದ್ದರು, ಅದನ್ನು ಹಾಗೆ ಕೆಡಿಸಿದ ದರ್ಜಿ ಯಾರೆಂದು ವಿಚಾರಿಸುತ್ತಿದ್ದರು. ಉತ್ತರ ಸಿಕ್ಕಿದ ಮೇಲೆ ಆ ದರ್ಜಿಯ ಗುರು ಯಾರೆಂಬ ಪ್ರಶ್ನೆ ಬರುತ್ತಿತ್ತು. ಅವರ ಸ್ವಂತ ಅಭಿಪ್ರಾಯ ಮಾತ್ರ ಬೇರೆಯೇ ಆಗಿತ್ತು. ತನ್ನಲ್ಲಿ ವೇಗದ ಒಂದು ವಾಹನ ಇಲ್ಲದಿರುವುದೇ ಎಲ್ಲ ತಡಕ್ಕೂ ಮೂಲ ಎಂದು ಅವರು ನಂಬಿದ್ದರು.

ಇದು ಅವರ ಸ್ವಂತ ನಂಬಿಕೆಯಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ನಡುವೆ ಮೊಂತಿ ಹಬ್ಬ ಬಂತು.

ಸೆಪ್ಟೆಂಬರ್ ಎಂಟರಂದು ಮರಿಯಮ್ಮನವರ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೆ ಕೊಡುತ್ತಾರೆ, ತಲೆಗೆ ಒಂದರಂತೆ. ಆ ತೆನೆಯ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಬೆರೆಸುತ್ತಾರೆ. ಮನೆಯವರೆಲ್ಲ ಒಟ್ಟಿಗೆ ಕೂತು ಅದನ್ನು ಸೇವಿಸಿದ ಮೇಲೆಯೇ ಊಟ. ಅಲ್ಲಿಯವರೆಗೆ ಮಗುವೂ ಎಲೆಗೆ ಕೈ ಹಾಕುವ ಹಾಗಿಲ್ಲ. ರಾಫೆಲರ ಮನೆಯಲ್ಲಿ ತೆನೆ ತರುವ ಹಕ್ಕು ಹಿರಿಯ ಮಗನದು. ಅವರ ತಂದೆ ತರುತ್ತಿದ್ದರು, ಅವರ ನಂತರ ರಾಫೆಲರು.

ತಾಯಿ ಫ್ಲಾವಿಯಾ ಬಾಯಿ ಇದ್ದದ್ದು ಬಜಪೆಯಲ್ಲಿ, ಕಿರಿಯ ಮಗ ಅಲೆಕ್ಸನ ಮನೆಯಲ್ಲಿ. ಅಲೆಕ್ಸನಿಗೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ತೂಗುವ ಕೆಲಸ. ಬಜಪೆಗೆ ಅದರದೇ ಇಗರ್ಜಿ ಇದೆ. ಆದರೆ ಗಂಡನ ಗೋರಿ ಇರುವುದು ಪೇಟೆಯ ಇಗರ್ಜಿಯಲ್ಲಾದ್ದರಿಂದ ತೆನೆಯೂ ಅಲ್ಲಿಂದಲೇ ಬರಬೇಕೆಂದು ಫ್ಲಾವಿಯಾ ಬಾಯಿಯ ಹಟ. ಹಾಗಾಗಿ ಪ್ರತಿ ವರ್ಷ ಎರಡೂ ಮನೆಯ ಒಂಬತ್ತು ಜನರ ಊಟ ರಾಫೆಲರ ದಾರಿ ಕಾಯುತ್ತಿತ್ತು. ಐವತ್ತೇಳನೆಯ ಇಸವಿಯಲ್ಲಿ ಅವರು ಎರಡು ಬಸ್ಸು ತಪ್ಪಿಸಿಕೊಂಡು ಮಧ್ಯಾಹ್ನ ಮೂರೂವರೆಗೆ ಬಂದಿಳಿದರು. ಪಲ್ಯಗಳೆಲ್ಲ ತಣ್ಣಗಾಗಿದ್ದವು.

ಬೆಳಿಗ್ಗೆ ಹೊರಟ ಡಕೋಟಾ ವಿಮಾನ ಮುಂಬಯಿಯಿಂದ ಬಂದು ತಲುಪಿತು, ಬಲ್ಮಠದ ಅಣ್ಣ ಮಾತ್ರ ತಲುಪಲಿಲ್ಲ ಎಂದು ಅಲೆಕ್ಸ್ ಯಾರಿಗೂ ಅಲ್ಲದ ಹಾಗೆ ಹೇಳಿದ. ಫ್ಲಾವಿಯಾ ಬಾಯಿ ನಗಲಿಲ್ಲ.

"ದೇವರು ಕಾಯ್ತಾನೆ ಪುತಾ, ಅನ್ನ ಕಾಯುವುದಿಲ್ಲ" ಎಂದರು. "ಬರುವ ವರ್ಷವೂ ಹೀಗೇ ಆದ್ರೆ ತೆನೆ ಅಲೆಕ್ಸ್ ತರ್ತಾನೆ."

ರಾಫೆಲರು ಆ ದಿನ ಎರಡನೆಯ ಸಲ ಅನ್ನ ಬಡಿಸಿಕೊಳ್ಳಲಿಲ್ಲ. ವಾಹನ ಕೊಳ್ಳುವುದು ಆಗಲೇ ನಿಶ್ಚಯವಾಯಿತು.

ಮರುವರ್ಷ ಆಗಸ್ಟಿನಲ್ಲಿ ಅವರ ಗೆಳೆಯ ಲ್ಯಾನ್ಸಿಯ ಗ್ಯಾರೇಜಿಗೆ ಎರಡು ವಿಚಿತ್ರ ಗಾಡಿಗಳು ಬಂದವು. ಘಟ್ಟದ ಮೇಲಿನ ಕಾಫಿ ತೋಟದ ಒಬ್ಬ ದೊರೆ ವಿಲಾಯತಿಗೆ ಮರಳುವಾಗ ಮಾರಾಟಕ್ಕೆ ಬಿಟ್ಟುಹೋದಂಥವು. ಒಂದು, ಯುದ್ಧಕ್ಕೆ ಮುಂಚಿನ ಪುಟ್ಟ ಆಸ್ಟಿನ್ ಕಾರು. ದೊರೆಯ ಮಗ ಅದನ್ನು ಓಟದ ಪಂದ್ಯಕ್ಕಾಗಿ ಬದಲಾಯಿಸಿದ್ದ. ಹಗುರವಾಗಲಿ ಎಂದು ಬಾಗಿಲು, ಮೇಲಿನ ಮಾಡು, ಮುಂದಿನ ಗಾಜು, ಹಿಂದಿನ ಸೀಟು ಎಲ್ಲವನ್ನೂ ತೆಗೆದುಹಾಕಿ, ಒಂದರ ಬದಲು ಎರಡು ಕಾರ್ಬುರೇಟರ್ ಕೂರಿಸಿದ್ದ. ಹೊಗೆಯ ಕೊಳವೆಗೆ ಸೈಲೆನ್ಸರ್ ಇರಲಿಲ್ಲ. ಇನ್ನೊಂದು, ಐನೂರು ಸಿಸಿಯ ರೇಸಿನ ಮೋಟಾರ್ ಸೈಕಲ್. ಅದರ ಹ್ಯಾಂಡಲ್ ಎಷ್ಟು ಕೆಳಗಿತ್ತೆಂದರೆ ಸವಾರ ಪೆಟ್ರೋಲ್ ಟಾಂಕಿಯ ಮೇಲೆ ಹೊಟ್ಟೆಯಿಟ್ಟು ಮಲಗಬೇಕಿತ್ತು. ಸೀಟು ಒಬ್ಬನಿಗೆ ಮಾತ್ರ. ಬೆಲೆ ಎರಡಕ್ಕೂ ಒಂದೇ.

"ಯಾವುದನ್ನು ತಕ್ಕೊಳ್ಳುವುದು ಮಾರಾಯ?" ಎಂದು ರಾಫೆಲರು ಕೇಳಿದರು.

"ಕಾರು ನಿಲ್ಲಿಸಿದ್ರೆ ಜನ ಸೇರ್ತಾರೆ. ಮೋಟಾರ್ ಸೈಕಲ್ ನಿಲ್ಲಿಸಿದ್ರೆ ಪೊಲೀಸರು ಸೇರ್ತಾರೆ" ಎಂದ ಲ್ಯಾನ್ಸಿ. "ನಿನಗೆ ಯಾರೊಟ್ಟಿಗೆ ಮಾತಾಡ್ಬೇಕು ನೋಡಿಕೋ."

ರಾಫೆಲರು ಕೊರಳಿನ ಟೇಪನ್ನು ತೆಗೆದು ಎರಡನ್ನೂ ಅಳೆದರು. ಕಾರಿನ ಎಡಗಡೆಯ ಸೀಟಿನ ಅಗಲಕ್ಕೂ ತನಗೆ ಬಾಯಿಪಾಠವಿದ್ದ ಹೆಂಡತಿಯ ಅಳತೆಗೂ ತಾಳೆ ಹಾಕಿದರು. ಇಷ್ಟು ಬಿಗಿಯಾಗಿ ಹೊಲಿದರೆ ಗಿರಾಕಿ ಬಟ್ಟೆಯನ್ನು ಹಿಂದಕ್ಕೆ ತರುತ್ತಾನೆ ಎಂದು ಕೊನೆಗೆ ಹೇಳಿದರು. ಅವರದೊಂದು ನಿಯಮವಿತ್ತು. ಎರಡು ಟ್ರಯಲ್ ನೋಡದೆ ಯಾವ ಕೋಟನ್ನೂ ಅವರು ಮುಗಿಸುತ್ತಿರಲಿಲ್ಲ. ವಾಹನಕ್ಕೂ ಅದೇ ಆಗಲಿ ಎಂದರು. ಎರಡನ್ನೂ ಬಜಪೆಯ ದಾರಿಯಲ್ಲೇ ಓಡಿಸಿ ನೋಡುವುದು, ಆಮೇಲೆ ತೀರ್ಮಾನ. ಬಾಡಿಗೆಯಿಲ್ಲದೆ ಎರಡು ಗಾಡಿಗಳು ಜಾಗ ಹಿಡಿದು ಕೂತದ್ದರಿಂದ ಬೇಸತ್ತಿದ್ದ ಲ್ಯಾನ್ಸಿ ಒಪ್ಪಿದ.

ಹಬ್ಬದ ಹಿಂದಿನ ಭಾನುವಾರ ಕಾರಿನ ಟ್ರಯಲ್. ಪಕ್ಕದಲ್ಲಿ ಹೆಂಡತಿ ಬರ್ನಡೆಟ್. ಆಕೆ ಆಸ್ಪತ್ರೆಯಲ್ಲಿ ನರ್ಸ್, ಮೂಳೆ ಮುರಿದವರ ವಾರ್ಡಿನವರು. ಹಾಗಾಗಿ ವೇಗದ ಬಗ್ಗೆ ಆಕೆಗೆ ತನ್ನದೇ ತಿಳಿವಳಿಕೆ ಇತ್ತು. ಆದರೂ ಕಾರು ಕಾವೂರಿನವರೆಗೆ ಗುಂಡಿನ ಹಾಗೆ ಹೋಯಿತು ಎಂದು ಆಕೆಯೇ ನನಗೆ ಹೇಳಿದ್ದಾರೆ. ಮರವೂರಿನ ಹೊಳೆಯ ಈಚೆ ಗುರುವಪ್ಪನ ಚಾದಂಗಡಿಯ ಎದುರು ರೇಡಿಯೇಟರಿಗೆ ನೀರು ಬೇಕಾಯಿತು. ಗುರುವಪ್ಪ ನೀರಿನ ಕೊಡದೊಂದಿಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿದ.

"ಪೊರ್ಬುಗಳೇ, ಇದರ ಉಳಿದ ಭಾಗ ಹಿಂದಿನಿಂದ ಬರ್ತಾ ಉಂಟಾ?" ಎಂದು ಕೇಳಿದ. ಅಲ್ಲಿಯವರು ಕ್ರೈಸ್ತರನ್ನು ಗೌರವದಿಂದ ಕರೆಯುವುದು ಪೊರ್ಬುಗಳೆಂದೇ.

ಉಳಿದ ಭಾಗವನ್ನು ಯಾಕೆ ತೆಗೆದದ್ದು ಎಂದು ರಾಫೆಲರು ವಿವರಿಸಬೇಕಾಯಿತು. ಚಾ ಕುಡಿಯುತ್ತಿದ್ದವರೆಲ್ಲ ಹೊರಗೆ ಬಂದರು, ಬಂದವರಲ್ಲಿ ಕಾಲರು ಕೆಟ್ಟವರೂ ಇದ್ದರು. ಅಂತೂ ಬಜಪೆ ಮುಟ್ಟಿದಾಗ, ಅವರ ಹಿಂದೆಯೇ ಪೇಟೆ ಬಿಟ್ಟಿದ್ದ ಬಸ್ಸು ಅಲ್ಲಿಂದ ಮರಳಿ ಹೊರಟಿತ್ತು. ಫ್ಲಾವಿಯಾ ಬಾಯಿ ಕಾರಿನ ಸದ್ದನ್ನು ಹೊಳೆಯ ಆಚೆಯಿಂದಲೇ ಕೇಳಿ, ಇದು ಯಾವ ಹೊಸ ವಿಮಾನ ಎಂದು ಅಲೆಕ್ಸನನ್ನು ಕೇಳಿದ್ದರಂತೆ. ಸದ್ದು ನಿಂತು, ಮತ್ತೆ ಶುರುವಾಗಿ, ಮಗ ಅಂಗಳಕ್ಕೆ ಬರುವಷ್ಟರಲ್ಲಿ ಒಂದು ಮಡಕೆ ಕುಚ್ಚಲಕ್ಕಿ ಬೆಂದಿತ್ತು.

ರಾಫೆಲರ ತೀರ್ಮಾನ ಸ್ಪಷ್ಟವಾಗಿತ್ತು. ಕಾರಿನಲ್ಲಿ ದೋಷವಿಲ್ಲ, ದೋಷವಿರುವುದು ಜನರಲ್ಲಿ. ಮೋಟಾರ್ ಸೈಕಲಿನ ಮೇಲೆ ಮಲಗಿ ಹೋಗುವವನನ್ನು ಯಾರೂ ಮಾತಿಗೆ ಎಳೆಯಲಾರರು. ಆದ್ದರಿಂದ ಎರಡನೆಯ ಟ್ರಯಲ್ ಹಬ್ಬದ ದಿನವೇ. ಬರ್ನಡೆಟ್ ಮಕ್ಕಳಿಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಬರಲಿ.

"ಬಸ್ಸಿನಲ್ಲೇ ಬರ್ತೇನೆ. ಆದ್ರೆ ಒಂದು ಕೇಳಿ" ಎಂದರು ಬರ್ನಡೆಟ್. "ನಮ್ಮ ವಾರ್ಡಿನಲ್ಲಿ ಎಲ್ಲ ಮಂಚ ತುಂಬಿದೆ. ನರ್ಸಿನ ಗಂಡ ಅಂತ ಪ್ರತ್ಯೇಕ ಮಂಚ ಇಲ್ಲ."

ಹಬ್ಬದ ದಿನ ಮಳೆ ಬಿಟ್ಟಿತ್ತು. ಆ ವರ್ಷ ಬೆಳೆ ಬೇಗ ಬಂದದ್ದರಿಂದ ತೆನೆಗಳು ಚೆನ್ನಾಗಿ ಹಣ್ಣಾಗಿದ್ದವು. ಪೂಜೆ ಮುಗಿದ ಕೂಡಲೇ ರಾಫೆಲರು ಒಂಬತ್ತು ತೆನೆಗಳನ್ನು ಪಡೆದು ಹೊರಗೆ ಬಂದರು. ಆಶೀರ್ವಾದದ ತೆನೆಯನ್ನು ಚೀಲದಲ್ಲಿ ತುರುಕುವುದು ಅವರಿಗೆ ಸರಿಬರಲಿಲ್ಲ. ಅದು ಎಲ್ಲರಿಗೂ ಕಾಣುವ ಹಾಗೆ ಮುಂದೆ ಹೋಗಬೇಕು. ಗುಂಡಿಯ ಕಾಜಾ ಹೊಲಿಯುವ ಕೆಂಪು ರೇಷ್ಮೆ ದಾರದಿಂದ ಹ್ಯಾಂಡಲಿನ ನಡುವೆ, ದೀಪದ ಮೇಲೆ, ತೆನೆಗಳನ್ನು ಬಿಗಿಯಾಗಿ ಕಟ್ಟಿದರು. ಬಿಗಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗುರುವಪ್ಪ ದೂರದಿಂದಲೇ ಕೈ ಎತ್ತಿದ. ಕೈ ಎತ್ತಿದರೆ ಗಾಡಿ ಬೀಳುತ್ತದೆಂದು ರಾಫೆಲರು ಬರಿಯ ತಲೆಯಾಡಿಸಿದರು. ಅದು ಅವನಿಗೆ ಕಾಣಲಿಲ್ಲ. ಸುಮಾರು ಒಂದು ವರ್ಷ ಅವನು ಸಿಟ್ಟಾಗಿದ್ದ.

ರಾಫೆಲರು ಅಂಗಳಕ್ಕೆ ಬಂದಾಗ ಮನೆಯಲ್ಲಿ ತೆಂಗಿನಕಾಯಿ ಇನ್ನೂ ತುರಿದು ಮುಗಿದಿರಲಿಲ್ಲ. ಅಲೆಕ್ಸ್ ತನ್ನ ಕೈಗಡಿಯಾರ ನೋಡಿದ, ಆಮೇಲೆ ಅದನ್ನು ಕಿವಿಗೆ ಹಿಡಿದು ನೋಡಿದ. ಫ್ಲಾವಿಯಾ ಬಾಯಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಮಗನ ಮುಖವನ್ನು ದೀರ್ಘವಾಗಿ ನೋಡಿ, ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳಿದರು. ರಾಫೆಲರು ಗೆದ್ದವರ ಗಾಂಭೀರ್ಯದಿಂದ ಕೆಂಪು ದಾರವನ್ನು ಬಿಚ್ಚಿ ತೆನೆಗಳನ್ನು ತಾಯಿಯ ಕೈಗೆ ಕೊಟ್ಟರು.

ಕೊಟ್ಟದ್ದು ಒಂಬತ್ತು ಹುಲ್ಲಿನ ಕಡ್ಡಿಗಳು. ಒಂದರಲ್ಲೂ ಒಂದು ಕಾಳಿರಲಿಲ್ಲ.

ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. ಇದು ಯಾವ ಭೌತಶಾಸ್ತ್ರದ ಪುಸ್ತಕದಲ್ಲೂ ಸಿಗುತ್ತದೆ. ಹಣ್ಣಾದ ಭತ್ತ ಅಷ್ಟನ್ನು ತಡೆಯುವುದಿಲ್ಲ ಎಂಬುದು ರೈತನಿಗೆ ಪುಸ್ತಕವಿಲ್ಲದೆಯೂ ಗೊತ್ತು. ಇವೆರಡನ್ನೂ ಕೂಡಿಸಿ ನೋಡುವ ಪ್ರಸಂಗ ರಾಫೆಲರಿಗೆ ಅದುವರೆಗೆ ಬಂದಿರಲಿಲ್ಲ.

"ಹುಲ್ಲು ಸಮಯಕ್ಕೆ ಸರಿಯಾಗಿ ಬಂತು" ಎಂದ ಅಲೆಕ್ಸ್. "ಹಸುವಿಗೆ ಎಲೆ ಹಾಕುವ."

ಫ್ಲಾವಿಯಾ ಬಾಯಿ ಕಡ್ಡಿಗಳನ್ನು ಹಿಡಿದುಕೊಂಡು ಅಲೆಕ್ಸನ ಕಡೆಗೆ ತಿರುಗಿದರು. ಆ ನೋಟದ ಅರ್ಥ ರಾಫೆಲರಿಗೆ ತಿಳಿಯಿತು. ತಂದೆಯಿಂದ ಬಂದ ಹಕ್ಕು ಹೋಗಲಿತ್ತು, ಅದೂ ತಾನು ಜೀವಮಾನದಲ್ಲಿ ಮೊದಲ ಸಲ ಸಮಯಕ್ಕೆ ಬಂದ ದಿನ. ಅವರು ತಲೆ ತಗ್ಗಿಸಿದರು.

ತಗ್ಗಿಸಿದ್ದೇ ಒಳ್ಳೆಯದಾಯಿತು. ಅವರು ಕೂದಲಿಗೆ ಧಾರಾಳವಾಗಿ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚುತ್ತಿದ್ದರು. ಆ ಎಣ್ಣೆಯಲ್ಲಿ, ಹಣೆಯ ಸ್ವಲ್ಪ ಮೇಲೆ, ಒಂದು ಭತ್ತದ ಕಾಳು ಅಂಟಿಕೊಂಡಿತ್ತು. ಅದರ ಪಕ್ಕ ಇನ್ನೊಂದು.

"ಅಲ್ಲೇ ನಿಲ್ಲು" ಎಂದರು ಫ್ಲಾವಿಯಾ ಬಾಯಿ. "ಅಲುಗಬೇಡ."

ಗಾಳಿ ಮುಂದಿನಿಂದ ಬಂದಾಗ ಕಾಳು ಹೋಗುವುದು ಹಿಂದಕ್ಕೆ, ಮತ್ತು ತೆನೆಯ ಹಿಂದೆ ಇದ್ದದ್ದು ರಾಫೆಲರು. ಅಲೆಕ್ಸನ ಹೆಂಡತಿ ಮಟಿಲ್ಡಾ ಬಿಳಿಯ ಚಾದರ ತಂದು ಅಂಗಳದಲ್ಲಿ ಹಾಸಿದಳು. ರಾಫೆಲರನ್ನು ಅದರ ನಡುವೆ ನಿಲ್ಲಿಸಿದರು. ಕೋಟಿನ ಕಾಲರಿನ ಅಡಿಯಿಂದ ಕೆಲವು, ಎದೆಯ ಜೇಬಿನಿಂದ ಒಂದು ಚಿಟಿಕೆ. ದೊಡ್ಡ ಬೆಳೆ ಸಿಕ್ಕಿದ್ದು ಪ್ಯಾಂಟಿನ ತುದಿಯಲ್ಲಿ. ಆ ಕಾಲದ ಯುವಕರು ಪ್ಯಾಂಟಿನ ತುದಿಯನ್ನು ಹೊರಕ್ಕೆ ಮಡಿಸುವುದನ್ನು ಬಿಡುತ್ತಿದ್ದರು. ರಾಫೆಲರು ಮಾತ್ರ ಅಗಲದ ಮಡಿಕೆಯನ್ನು ಬಿಟ್ಟಿರಲಿಲ್ಲ. ಅದನ್ನು ಬಿಚ್ಚಿ ಕೊಡವಿದಾಗ ಚಾದರದ ಮೇಲೆ ಸಣ್ಣ ರಾಶಿಯೇ ಬಿತ್ತು.

"ಒಂದೂವರೆ ಇಂಚಿಗಿಂತ ಕಡಿಮೆ ಮಡಿಸಬಾರದು ಅಂತ ನಾನು ಹೇಳ್ತಾ ಇದ್ದದ್ದು ಸುಮ್ಮನೆಯಾ?" ಎಂದರು ರಾಫೆಲರು. ಅವರ ಧ್ವನಿ ಸ್ವಲ್ಪ ಮರಳಿತ್ತು.

ಬರ್ನಡೆಟ್ ಮಕ್ಕಳೊಂದಿಗೆ ಬಸ್ಸಿಳಿದು ಬಂದಾಗ ಗಂಡ ಅಲೆಕ್ಸನ ಲುಂಗಿ ಉಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಅವರ ತಾಯಿ ಮಡಿಲಲ್ಲಿ ಪಿಂಗಾಣಿ ತಟ್ಟೆ ಇಟ್ಟುಕೊಂಡು ಅವರ ತಲೆಯನ್ನು ಹಣಿಗೆಯಿಂದ ಬಾಚುತ್ತಿದ್ದರು. ಆಕೆಗೆ ಮೊದಲು ತೋಚಿದ್ದು ತನ್ನ ವಾರ್ಡು.

"ಎಲ್ಲಿ ಬಿದ್ರಿ?"

"ಬೀಳಲಿಲ್ಲ. ನನ್ನನ್ನು ಕೊಯ್ತಾ ಇದ್ದಾರೆ."

ಕಿವಿಯೊಳಗೆ ಹೋಗಿದ್ದ ಒಂದು ಕಾಳನ್ನು ಬರ್ನಡೆಟ್ ಕೂದಲ ಪಿನ್ನಿನಿಂದ ನಾಜೂಕಾಗಿ ತೆಗೆದರು. ಹುಡುಕಿ, ತೊಳೆದು, ಸುಲಿದು, ಅರೆದು ಮುಗಿಯುವಾಗ ಎಲ್ಲರಿಗೂ ಸಾಕಾಗುವಷ್ಟಾಯಿತು. ಪ್ರಾರ್ಥನೆಯಾಗಿ ಊಟಕ್ಕೆ ಕೂತಾಗ ಗಂಟೆ ಮೂರೂವರೆ. ಪಲ್ಯಗಳು ತಣ್ಣಗಾಗಿದ್ದವು. ತೆಂಗಿನ ಹಾಲಿನಲ್ಲಿ ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಪರಿಮಳ ಇತ್ತೆಂದು ಮಟಿಲ್ಡಾ ಇಂದಿಗೂ ಹೇಳುತ್ತಾಳೆ.

ಬರುವ ವರ್ಷದ ತೆನೆಯ ವಿಷಯವನ್ನು ಅಲೆಕ್ಸನೇ ಎತ್ತಿದ. ಎಲ್ಲರೂ ಎಲೆಯ ಮೇಲೆ ಕಣ್ಣಿಟ್ಟರು.

"ಅಣ್ಣನೇ ತರ್ತಾನೆ" ಎಂದರು ಫ್ಲಾವಿಯಾ ಬಾಯಿ. "ಬೇರೆ ಯಾರು ಮೈತುಂಬ ಹೊತ್ತುಕೊಂಡು ಬಂದಾರು?" ಆಮೇಲೆ ರಾಫೆಲರ ಕಡೆಗೆ ತಿರುಗಿ, "ಆದ್ರೆ ಪುತಾ, ಆ ಮಲಗುವ ಗಾಡಿ ಬೇಡ. ಕೂತ್ಕೊಳ್ಳುವುದನ್ನು ತಕ್ಕೋ. ತೆನೆ ಬರ್ನಡೆಟಿನ ಮಡಿಲಲ್ಲಿರಲಿ."

ರಾಫೆಲರು ಎರಡನೆಯ ಸಲ ಅನ್ನ ಬಡಿಸಿಕೊಂಡರು, ಮೂರನೆಯ ಸಲವೂ.

ಮೋಟಾರ್ ಸೈಕಲನ್ನು ಕೊಡಗಿನ ಕಡೆಯ ಯಾರೋ ಕೊಂಡುಹೋದರು. ಕಾರು ರಾಫೆಲರ ಅಂಗಡಿಯ ಎದುರು ಬಂದು ನಿಂತಿತು. ಲ್ಯಾನ್ಸಿ ಎಡಗಡೆಯ ಸೀಟನ್ನು ಅಳತೆಗೆ ತಕ್ಕಂತೆ ಅಗಲ ಮಾಡಿದ, ಮುಂದೆ ಗಾಜು ಕೂರಿಸಿದ, ಮಕ್ಕಳಿಗಾಗಿ ಹಿಂದೆ ಹಲಗೆ ಹಾಕಿದ. ಕ್ಯಾನ್ವಾಸಿನ ಮಾಡನ್ನು ರಾಫೆಲರೇ ಹೊಲಿದರು. ಎರಡು ಟ್ರಯಲ್ ಆದ್ದರಿಂದ ಅದು ಮುಗಿಯುವಾಗ ಮುಂದಿನ ಮಳೆಗಾಲವೂ ಮುಗಿಯುತ್ತ ಬಂದಿತ್ತು. ಇಷ್ಟೆಲ್ಲ ಸೇರಿಸಿದ ಮೇಲೆ ಕಾರಿನ ವೇಗ ಬಸ್ಸಿಗಿಂತ ಹೆಚ್ಚೇನೂ ಉಳಿಯಲಿಲ್ಲ. ಗುರುವಪ್ಪ, ಉಳಿದ ಭಾಗ ಅಂತೂ ಬಂದು ಸೇರಿತಲ್ಲ ಎಂದು ಸಂತೋಷಪಟ್ಟು ಸಿಟ್ಟು ಬಿಟ್ಟ.

ಕೊನೆಗೆ ಸೈಲೆನ್ಸರನ್ನೂ ಹಾಕಿಬಿಡುತ್ತೇನೆ ಎಂದು ಲ್ಯಾನ್ಸಿ ಹೊರಟಾಗ ಬಜಪೆಯಿಂದ ಅಲೆಕ್ಸನ ಮೂಲಕ ಮಾತು ಬಂತು: ಅದನ್ನು ಮುಟ್ಟಬಾರದು, ತಾಯಿಯ ಅಪ್ಪಣೆ.

ಅದರ ಕಾರಣ ಮುಂದಿನ ಮೊಂತಿ ಹಬ್ಬದಲ್ಲಿ ತಿಳಿಯಿತು. ಫ್ಲಾವಿಯಾ ಬಾಯಿ ಬೆಳಿಗ್ಗೆ ತರಕಾರಿ ಹೆಚ್ಚಿಟ್ಟು, ಒಲೆ ಹಚ್ಚದೆ, ಜಗಲಿಯಲ್ಲಿ ಕೂತು ಜಪಮಾಲೆ ಹಿಡಿದರು. ಹೊಳೆಯ ಆಚೆ ಕಾರಿನ ಸದ್ದು ಕೇಳಿಸಿತು, ಮರವೂರಿನಲ್ಲಿ ನಿಂತಿತು. ಆಗ ಎದ್ದು ಹೋಗಿ ಅಕ್ಕಿ ಒಲೆಗೇರಿಸಿದರು. ಸದ್ದು ಮತ್ತೆ ಶುರುವಾದಾಗ ಮಟಿಲ್ಡಾಳಿಗೆ ಎಲೆ ಹಾಕಲು ಹೇಳಿದರು. ರಾಫೆಲರು ಬಂದಾಗ ಮೂರು ದಾಟಿತ್ತು. ತೆನೆಗಳು ಬರ್ನಡೆಟರ ಮಡಿಲಲ್ಲಿ ಒಂದು ಕಾಳೂ ಉದುರದೆ ಇದ್ದವು. ತಡವಾಯಿತು ಎಂದು ಅವರು ಅಳುಕುತ್ತಲೇ ಒಳಗೆ ಬಂದರು.

ಎಲೆಯ ಮೇಲೆ ಅನ್ನ ಹಬೆಯಾಡುತ್ತಿತ್ತು.